ಗಾಳಿ ಪುಕ್ಕಟೆ, ಬ್ರೇಕು ಕಡ್ಡಾಯ

ಹಳೇ ದಾವಣಗೆರೆಯ ಒಂದು ಗಲ್ಲಿಯಲ್ಲಿ ಎಂಟಡಿ ಅಗಲದ ಸೈಕಲ್ ಶಾಪು ಒಂದಿದೆ. ಬೋರ್ಡಿನ ಮೇಲಿದ್ದ ಹೆಸರು ಬಿಸಿಲಿಗೆ ಮಾಸಿ ಎಷ್ಟೋ ವರ್ಷವಾಯಿತು. ಮತ್ತೆ ಬರೆಸಿಲ್ಲ. ಬರೆಸುವ ಜರೂರೂ ಬಿದ್ದಿಲ್ಲ. ಹಾಲಿನವರು, ಮಂಡಕ್ಕಿಯವರು, ಪೇಪರ್ ಹಾಕುವ ಹುಡುಗರು, ಇಸ್ಕೂಲಿನ ಮಕ್ಕಳು ಯಾರೂ ಬೋರ್ಡು ಓದಿಕೊಂಡು ಬರುವ ಗಿರಾಕಿಗಳಲ್ಲ. ಮಕ್ಕಳಿಗೆ ಅದು 'ಚಾಚಾ ಅಂಗಡಿ', ಅವರ ಅಪ್ಪಂದಿರಿಗೆ 'ಸಾಬ್ರ ಅಂಗಡಿ'. ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. 'ಹೆಸ್ರು ಹಾಕಬ್ಯಾಡ್ರಿ, ಹಾಕಿದ್ರೆ ನಾಳಿಂದ ಊರವರೆಲ್ಲ ಉದ್ರಿ ಕೇಳ್ತಾರ' ಎಂದು ನಕ್ಕುಬಿಟ್ಟಿದ್ದಾರೆ. ಹಾಗಾಗಿ ಇಲ್ಲಿಯೂ ಹೆಸರಿಲ್ಲ.

ಅಂಗಡಿಯ ಗೋಡೆ ಮೇಲೆ ಮಾತ್ರ ಎರಡು ಸಾಲು ಇನ್ನೂ ಓದಲು ಬರುತ್ತವೆ. ಕೆಂಪು ಪೇಂಟಿನಲ್ಲಿ, ಚಾಚಾ ಸ್ವಂತ ಕೈಯಿಂದ ಬರೆದದ್ದು. ಒಂದು: 'ಗಾಳಿ ಪುಕ್ಕಟೆ'. ಇನ್ನೊಂದು: 'ಬ್ರೇಕ್ ಇಲ್ಲದ ಸೈಕಲ್ ಹೊರಗೆ ಬಿಡುವುದಿಲ್ಲ'. ಮೊದಲನೆಯದಕ್ಕೆ ಯಾರ ತಕರಾರೂ ಇಲ್ಲ. ಎರಡನೆಯದಕ್ಕೆ ದಿನಾ ಜಗಳ. ಪಂಚರ್ ಹಾಕಿಸಲು ಬಂದವನ ಸೈಕಲ್ಲಿನ ಬ್ರೇಕನ್ನು ಚಾಚಾ ಕೇಳದೆಯೇ ಹಿಡಿದು ನೋಡುತ್ತಾರೆ. ಕಟ್ಟೆ ಸವೆದಿದ್ದರೆ ಬದಲಾಯಿಸದೆ ಕೊಡುವುದಿಲ್ಲ. ದುಡ್ಡಿಲ್ಲ ಎಂದರೆ ಹಳೇ ಕಟ್ಟೆಯಲ್ಲಿ ಚೆನ್ನಾಗಿರುವುದನ್ನು ಹುಡುಕಿ ಹಾಕುತ್ತಾರೆ. ಗಾಳಿಗಿಲ್ಲದ ಈ ಕಟ್ಟುನಿಟ್ಟು ಬ್ರೇಕಿಗೆ ಯಾಕೆ ಎಂದರೆ, 'ಗಾಳಿ ಇಲ್ದಿದ್ರೆ ಸೈಕಲ್ ನಿಂತ್ಕೊಂತತಿ. ಬ್ರೇಕ್ ಇಲ್ದಿದ್ರೆ ನಿಲ್ಲಂಗಿಲ್ಲ' ಎನ್ನುತ್ತಾರೆ. ಇದಕ್ಕೆ ಎದುರು ಹೇಳಲು ಯಾರಿಗೂ ಮಾತು ಸಿಕ್ಕಿಲ್ಲ.

ಈ ಅಂಗಡಿ ಕಂಡ ಕಾಲವೇ ಬೇರೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಊರು ಮೀಸೆ ತಿರುವುತ್ತಿದ್ದ ದಿನಗಳವು. ಮಿಲ್ಲಿನ ಸೈರನ್ ಕೂಗಿತೆಂದರೆ ರಸ್ತೆ ತುಂಬ ಸೈಕಲ್ಲು. ಹ್ಯಾಂಡಲ್ಲಿಗೆ ಬುತ್ತಿ, ಕಿವಿ ಮೇಲೆ ಬೀಡಿ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಬಿದ್ದರೆ ಎರಡೂ ಕಡೆ ಸೈಕಲ್ಲಿನ ಜಾತ್ರೆ. ಗೇಟು ಏಳುವಷ್ಟರಲ್ಲಿ ಗಂಟೆ ಸದ್ದಿಗೆ ಕಿವಿ ಕಿವುಡು. ಸೈಕಲ್ಲಿಗೂ ಮುನಿಸಿಪಾಲಿಟಿ ತೆರಿಗೆ ಇತ್ತು, ಬಿಲ್ಲೆ ಇತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಡಬ್ಬಲ್ ಹೊಡೆದರೆ ಪೊಲೀಸಪ್ಪ ಚಕ್ರದ ಗಾಳಿ ಬಿಡುತ್ತಿದ್ದ. ಬಿಟ್ಟ ಗಾಳಿ ತುಂಬಿಸಲು ಜನ ಬರುತ್ತಿದ್ದುದು ಇಲ್ಲಿಗೇ. ಚಾಚಾ ಹನ್ನೆರಡನೇ ವಯಸ್ಸಿಗೆ ತಂದೆಯ ಪಕ್ಕ ಪಂಚರ್ ಹಾಕಲು ಕೂತವರು. ಆಗ ಅಂಗಡಿಯಲ್ಲಿ ಇಪ್ಪತ್ತು ಬಾಡಿಗೆ ಸೈಕಲ್ಲಿದ್ದವು. ಗಂಟೆಗೆ ನಾಲ್ಕಾಣೆ. 2017ರಲ್ಲಿ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಬಾಡಿಗೆ ಸೈಕಲ್ ಬಂತು, ಕಾರ್ಡು ತೋರಿಸಿದರೆ ಬೀಗ ಬಿಚ್ಚುತ್ತದೆ ಎಂದು ಯಾರೋ ಬೆರಗಿನಿಂದ ಹೇಳಿದಾಗ ಚಾಚಾ, 'ನಮ್ಮಲ್ಲಿ ಮೂತಿ ತೋರಿಸಿದ್ರೆ ಬಿಚ್ಚತಿತ್ತು' ಎಂದರಂತೆ.

ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಬಾಡಿಗೆ ಸೈಕಲ್ಲುಗಳು ಗುಜರಿಗೆ ಹೋದವು. ಚಾಚಾ ಅತಿ ಹೆಚ್ಚು ರಿಪೇರಿ ಮಾಡಿರುವುದು ಅಟ್ಲಾಸ್ ಗಾಡಿಗಳನ್ನು. 1951ರಲ್ಲಿ ಸೋನಿಪತ್ತಿನಲ್ಲಿ ಶುರುವಾದ ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ನಿಂತಿತು. ಜೂನ್ 3 ಎಂದರೆ ವಿಶ್ವಸಂಸ್ಥೆ 2018ರಲ್ಲಿ ಗೊತ್ತುಮಾಡಿದ ವಿಶ್ವ ಸೈಕಲ್ ದಿನ! ಇಂಥ ತಮಾಷೆ ಆ ಮೇಲಿನವನಿಗೆ ಮಾತ್ರ ಹೊಳೆಯುತ್ತದೆ.

ಇಷ್ಟಾದರೂ ಸೈಕಲ್ಲು ಸತ್ತಿಲ್ಲ. ಸ್ಕೂಟರ್ ಕೊಳ್ಳಲಾಗದವರು, ಕೊಂಡರೂ ಪೆಟ್ರೋಲ್ ಹಾಕಿಸಲಾಗದವರು ಊರಲ್ಲಿ ಇನ್ನೂ ಇದ್ದಾರೆ. ಅವರೆಲ್ಲ ಬೆಳಗಾಗುವ ಮೊದಲೇ ರಸ್ತೆಗಿಳಿಯುವವರಾದ್ದರಿಂದ ಎಂಟು ಗಂಟೆಗೆ ಏಳುವವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಅವರ ಗಾಡಿ ನಿಂತರೆ ಆ ದಿನದ ಕೂಲಿ ನಿಂತಿತು. ಹಾಗೆ ನಿಂತದ್ದನ್ನು ಮತ್ತೆ ಉರುಳಿಸುವ ಜಾಗ ಈ ಎಂಟಡಿ ಅಂಗಡಿ. ಅಲ್ಲಿ ಏಳು ದಿನ ಏನೇನು ನಡೆಯುತ್ತದೆ ಎಂಬುದಕ್ಕೆ ಒಂದು ವಾರದ ಲೆಕ್ಕ ಸಾಕು. 2025ರ ಮಾರ್ಚ್ 24ರ ಸೋಮವಾರದಿಂದ 30ರ ಭಾನುವಾರದವರೆಗಿನ ವಾರ. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿತ್ತು. ರಂಜಾನಿನ ಕೊನೆಯ ವಾರ, ಚಾಚಾ ರೋಜಾದಲ್ಲಿದ್ದರು. ಭಾನುವಾರ ಯುಗಾದಿ, ಮಾರನೆ ದಿನ ಈದ್. ಬಿಸಿಲು ಹೇಳುವುದೇ ಬೇಡ. ಬಿಸಿಲಿಗೆ ಹಳೇ ಪ್ಯಾಚು ಬಿಡುತ್ತದೆ, ಗಾಳಿ ಹೆಚ್ಚಾದ ಟ್ಯೂಬು ಡಬ್ಬೆಂದು ಒಡೆಯುತ್ತದೆ. ಮಾರ್ಚ್ ಕೊನೆ ಎಂದರೆ ಪಂಚರ್ ಅಂಗಡಿಗೆ ಸುಗ್ಗಿ. ಬಾಗಿಲ ಹತ್ತಿರ ಬಂದವರಿಗೆಂದು ಮಣ್ಣಿನ ಹರವಿಯಲ್ಲಿ ನೀರಿತ್ತು. ಬೆಳಿಗ್ಗೆ ಅದನ್ನು ತುಂಬಿಸುತ್ತಿದ್ದವರು ಮಾತ್ರ ಸಂಜೆ ಆರೂವರೆವರೆಗೆ ಮುಟ್ಟುತ್ತಿರಲಿಲ್ಲ.

ಸೋಮವಾರ ಗಣಿತ ಪರೀಕ್ಷೆ. ಹತ್ತಕ್ಕೆ ಶುರು. ಒಂಬತ್ತೂ ಕಾಲಿಗೆ ಬೇತೂರು ರಸ್ತೆ ಕಡೆಯಿಂದ ಒಬ್ಬ ಹುಡುಗಿ ಸೈಕಲ್ ತಳ್ಳಿಕೊಂಡು ಓಡುತ್ತ ಬಂದಳು. ಬೆವರು, ಕಣ್ಣೀರು ಎರಡೂ ಒಟ್ಟಿಗೆ ಇಳಿಯುತ್ತಿದ್ದವು. ಪೆಡ್ಲು ತುಳಿದರೆ ಖಾಲಿ ತಿರುಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಅವಳದು ಸರ್ಕಾರಿ ಸೈಕಲ್. ಅವಳಿಗೆ ಬಂದದ್ದಲ್ಲ, ಅಕ್ಕನಿಗೆ ಬಂದದ್ದು. ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಬಂತು. 2020ರ ಕೊರೋನಾದ ನಂತರ ಹಂಚಿಕೆ ನಿಂತುಹೋಯಿತು. ನಿಂತ ಮೇಲೆ ಎಂಟನೇ ಕ್ಲಾಸಿಗೆ ಬಂದವರು ಅಕ್ಕ ಅಣ್ಣಂದಿರ ಸೈಕಲ್ ತುಳಿಯುತ್ತಾರೆ, ಇಲ್ಲವೇ ನಡೆಯುತ್ತಾರೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಇದೆಯಲ್ಲ ಎಂದರೆ, ಪುಕ್ಕಟೆ ಬಸ್ಸು ಬರುವ ಹೊತ್ತಿಗೂ ಪರೀಕ್ಷೆಯ ಹೊತ್ತಿಗೂ ಜಾತಕ ಕೂಡಬೇಕಲ್ಲ.

ಚಾಚಾ ಬಗ್ಗಿ ನೋಡಿದರು. ಕಾಟರ್ ಪಿನ್ನು ಕಟ್ಟಾಗಿತ್ತು. ಪೆಡ್ಲಿನ ಕ್ರ್ಯಾಂಕನ್ನು ಒಳಗಿನ ಎಕ್ಸೆಲ್ಲಿಗೆ ಬಿಗಿ ಹಿಡಿಯುವುದೇ ಈ ಬೆರಳುದ್ದದ ಪಿನ್ನು. ಸಡಿಲವಾದರೆ ಮೊದಲು ಟಕ್ ಟಕ್ ಎನ್ನುತ್ತದೆ. ಕೇಳಿಸಿಕೊಳ್ಳದಿದ್ದರೆ ಸವೆದು ಕತ್ತರಿಸುತ್ತದೆ. ಬರೀ ಬಿದ್ದುಹೋಗಿದ್ದರೆ ಐದು ನಿಮಿಷದ ಕೆಲಸ. ಇದು ತುಂಡಾಗಿ ಅರ್ಧ ಒಳಗೇ ಕಚ್ಚಿಕೊಂಡಿತ್ತು. ಸುತ್ತಿಗೆ, ಉಳಿ ಹಿಡಿದು ಹೊಡೆದು ತೆಗೆಯಬೇಕು; ಅರ್ಧ ಗಂಟೆಗೆ ಕಡಿಮೆಯಿಲ್ಲ. ಪಕ್ಕದಲ್ಲಿ ಚಾ ಕುಡಿಯುತ್ತಿದ್ದ ಒಬ್ಬರು, 'ಅಳಬ್ಯಾಡ ಬಿಡವ್ವ, ಈಗ ಮೂರು ಸಲ ಪರೀಕ್ಷೆ ಇಡ್ತಾರಂತ, ಇದಲ್ದಿದ್ರೆ ಇನ್ನೊಂದು' ಎಂದು ಸಮಾಧಾನ ಹೇಳಿದರು. ಅದು ನಿಜ, 2024ರಲ್ಲಿ ಶುರುವಾದ ಪರೀಕ್ಷೆ-1, 2, 3 ಎಂಬ ಮೂರು ಅವಕಾಶ ಆಗ ಇದ್ದವು. ಆದರೆ ಓದಿಕೊಂಡು ಬಂದ ಹುಡುಗಿಗೆ ಬೆಳಿಗ್ಗೆ ಒಂಬತ್ತೂ ಕಾಲಿಗೆ ಹೇಳುವ ಮಾತೇ ಅದು? 'ನೀವು ಚಾ ಕುಡೀರಿ ಸುಮ್ನೆ' ಎಂದು ಚಾಚಾ ಗದರಿದರು.

ಅಂಗಡಿಯೊಳಗೆ ಬೇರೆ ಯಾರದೋ ಲೇಡಿ ಬರ್ಡ್ ಸೈಕಲ್ ನಿಂತಿತ್ತು. ಓವರಾಯ್ಲಿಂಗ್ ಮುಗಿದು, ಒರೆಸಿ ಇಟ್ಟದ್ದು, ಮಾಲೀಕರು ಹನ್ನೊಂದಕ್ಕೆ ಬರುವವರು. ಚಾಚಾ ಅದನ್ನೇ ಹೊರಗೆ ತಂದರು. ಸೀಟು ಎರಡಿಂಚು ಇಳಿಸಿದರು. ಎರಡೂ ಬ್ರೇಕು ಹಿಡಿದು ನೋಡಿದರು. 'ಹೋಗ್ ಬೇಟಿ. ಜೋರು ತುಳೀಬ್ಯಾಡ, ಟೈಮ್ ಐತಿ' ಎಂದು ಕಳಿಸಿದರು. ಅವಳ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

ಹನ್ನೊಂದಕ್ಕೆ ಮಾಲೀಕರು ಬಂದರು. ನಂತರದ ಹತ್ತು ನಿಮಿಷ ಗಲ್ಲಿಗೆ ಪುಕ್ಕಟೆ ನಾಟಕ. ನನ್ನ ಮಗಳ ಗಾಡಿ ಕೊಡಲು ನಿಮಗೆ ಯಾರು ಹೇಳಿದರು, ಅವಳು ವಾಪಸ್ ತರದಿದ್ದರೆ, ಎಲ್ಲಾದರೂ ಬಿದ್ದಿದ್ದರೆ? ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಕೇಳುತ್ತಿದ್ದರು. ಚಾಚಾ ಪ್ರತಿ ಪ್ರಶ್ನೆಗೂ 'ಖರೇ ಐತ್ರಿ' ಎಂದರೇ ಹೊರತು ಇನ್ನೇನೂ ಹೇಳಲಿಲ್ಲ. ಒಂದೂವರೆಗೆ ಹುಡುಗಿ ಬಂದಳು, ಲೇಡಿ ಬರ್ಡ್ ನೆಟ್ಟಗಿತ್ತು. ಮಾಲೀಕರು ಅಷ್ಟು ಹೊತ್ತೂ ಅಲ್ಲೇ ಕಾದು ಕೂತಿದ್ದರು. ಬೈಯಲೆಂದೇ ಕೂತವರು, ಅವಳ ಮುಖ ನೋಡಿ ಕೇಳಿದ್ದು ಮಾತ್ರ, 'ಪೇಪರ್ ಹೆಂಗಿತ್ತವ್ವ?' ಎಂದು. ರಿಪೇರಿ ದುಡ್ಡನ್ನು ಮಾತ್ರ ಐವತ್ತು ರೂಪಾಯಿ ಕಡಿಮೆ ಕೊಟ್ಟು ಹೋದರು. ಅದು ಬಾಡಿಗೆಯೋ ದಂಡವೋ ಅವರೇ ಬಲ್ಲರು.

ಮಂಗಳವಾರದ್ದು ದೊಡ್ಡ ಸಂಗತಿಯೇನಲ್ಲ. ಮಂಡಕ್ಕಿ ಭಟ್ಟಿಯಿಂದ ಅಂಗಡಿಗಳಿಗೆ ಚೀಲ ಹೊತ್ತೊಯ್ಯುವ ಒಬ್ಬರ ಹಿಂದಿನ ಚಕ್ರದಲ್ಲಿ ಐದು ಕಡ್ಡಿ ಮುರಿದಿದ್ದವು. ದಾವಣಗೆರೆಯವರಿಗೆ ಈ ಗಾಡಿಗಳ ಪರಿಚಯ ಬೇಕಿಲ್ಲ: ಆಳೆತ್ತರದ ಚೀಲಗಳು ಹಿಂದೆ, ಪಕ್ಕ, ಮೇಲೆ, ನಡುವೆ ಮನುಷ್ಯ ಇದ್ದಾನೋ ಇಲ್ಲವೋ ಗೊತ್ತಾಗದು. ಮಂಡಕ್ಕಿ ಹಗುರ, ನಿಜ. ಆದರೆ ಗಾಳಿಗೆ ಚೀಲವೇ ಹಾಯಿ. ಗಾಡಿ ಒಂದು ಕಡೆ ವಾಲಿದರೆ ಎಳೆತವೆಲ್ಲ ಚಕ್ರದ ಕಡ್ಡಿಗೆ. ಇಪ್ಪತ್ತೆಂಟಿಂಚಿನ ಗಾಡಿಗೆ ಮುಂದಿನ ಚಕ್ರದಲ್ಲಿ ಮೂವತ್ತೆರಡು, ಹಿಂದಿನದರಲ್ಲಿ ನಲವತ್ತು ಕಡ್ಡಿ. ಭಾರ ಬೀಳುವುದು ಹಿಂದೆ ಎಂದು ಎಂಟು ಹೆಚ್ಚು. ಐದು ಹೋದರೆ ಆರನೆಯದು ತಾನೇ ಹೋಗುತ್ತದೆ. ಆಮೇಲೆ ಚಕ್ರ ಹಪ್ಪಳ. ಚಾಚಾ ಐದೂ ಹಾಕಿ, ಔಟ್ ತೆಗೆದು, ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಒಂದು ಗೀಟು ಎಳೆದರು. ಹೆಸರಿಲ್ಲ, ಮೊತ್ತವಿಲ್ಲ, ಗೀಟು ಮಾತ್ರ. ಯಾವ ಗೀಟು ಯಾರದ್ದು ಎಂಬುದು ಚಾಚಾಗೂ ಆ ಪುಸ್ತಕಕ್ಕೂ ಗೊತ್ತು. ಸೊಸೆ ಅಂಗಡಿಗೆ ಫೋನ್‌ಪೇ ಚೀಟಿ ಅಂಟಿಸಿದ್ದಾಳೆ. ದುಡ್ಡಿದ್ದವರು ಅದಕ್ಕೆ ಹಾಕುತ್ತಾರೆ. ಇಲ್ಲದವರಿಗೆ ಗೀಟು.

ವಾರದ ನಿಜವಾದ ಗಲಾಟೆ ಬುಧವಾರದ್ದು. ಗಲ್ಲಿಯಲ್ಲಿ ಇವತ್ತಿಗೂ ಅದರ ಮೇಲೆ ಎರಡು ಪಂಗಡ ಇವೆ.

ಮಧ್ಯಾಹ್ನ ಮೂರರ ಹೊತ್ತು. ಬಿಸಿಲಿಗೆ ನಾಯಿಗಳೂ ನೆರಳು ಬಿಟ್ಟು ಏಳುತ್ತಿರಲಿಲ್ಲ. ಹದಿನೈದು ಹದಿನಾರರ ಹುಡುಗನೊಬ್ಬ ಹೀರೋ ಸೈಕಲ್ ತಳ್ಳಿಕೊಂಡು ಬಂದ. 'ಚಾಚಾ, ಇದನ್ನ ತಗಂತೀರಾ? ಎಂಟ್ನೂರು ಕೊಡ್ರಿ ಸಾಕು' ಎಂದ. ಯಾರದ್ದು ಎಂದರೆ 'ನಮ್ಮಪ್ಪಂದು' ಎಂದ. ಚಾಚಾ ಹಿಂದಿನ ಚಕ್ರ ಎತ್ತಿ ಒಮ್ಮೆ ತಿರುಗಿಸಿದರು. ನಲವತ್ತು ಕಡ್ಡಿಯಲ್ಲಿ ಮೂರು ಹೊಸವು, ಅದರಲ್ಲೂ ಒಂದು ಬೇರೆ ಕಂಪನಿಯದು, ಹೊಳಪೇ ಬೇರೆ. ತಿಂಗಳ ಹಿಂದೆ ಅವನ್ನು ಹಾಕಿದ್ದು ಚಾಚಾ ಅವರೇ. ಸೈಕಲ್ ಪಿ.ಬಿ. ರಸ್ತೆ ಕಡೆಯ ಗೋಡೌನೊಂದರ ರಾತ್ರಿ ಕಾವಲುಗಾರರದ್ದು. ಸೋಮವಾರ ರಾತ್ರಿ ಕಳುವಾಗಿತ್ತು. ಮಂಗಳವಾರ ಬೆಳಿಗ್ಗೆ ಅವರು ನಡೆದುಕೊಂಡೇ ಬಂದು ಹೇಳಿ ಹೋಗಿದ್ದರು. ಸೈಕಲ್ ಕಳೆದುಕೊಂಡವರು ಪೊಲೀಸರಿಗಿಂತ ಮೊದಲು ಹೇಳುವುದು ಸೈಕಲ್ ಶಾಪಿಗೆ.

ಚಾಚಾ ಹುಡುಗನಿಗೆ ಏನೂ ಹೇಳಲಿಲ್ಲ. 'ಚೈನ್ ಸಡ್ಲ ಐತಿ ತಮ್ಮಾ, ಬಿಗಿ ಮಾಡ್ತೀನಿ. ಸಡ್ಲ ಚೈನಿನ ಗಾಡಿಗೆ ರೇಟು ಬರಂಗಿಲ್ಲ. ಕೂತ್ಕ' ಎಂದರು. ಹುಡುಗ ಕೂತ. ಹರವಿ ನೀರು ಎರಡು ಲೋಟ ಕುಡಿದ. ಚಾಚಾ ನಿಧಾನಕ್ಕೆ ಹಿಂದಿನ ಎಕ್ಸೆಲ್ ನಟ್ಟು ಸಡಿಲಿಸಿ, ಚಕ್ರವನ್ನು ಹಿಂದಕ್ಕೆ ಎಳೆದು, ಮತ್ತೆ ಬಿಗಿಯುತ್ತ ಮಾತಿಗೆ ಎಳೆದರು. ಹುಡುಗ ಒಂಬತ್ತಕ್ಕೇ ಇಸ್ಕೂಲು ಬಿಟ್ಟವನು. ಅಮ್ಮ ಮನೆಗೆಲಸಕ್ಕೆ ಹೋಗುತ್ತಾಳೆ. ಅಮ್ಮನ ಮೊಬೈಲು ಇವನ ಕೈಯಿಂದ ಬಿದ್ದು ಡಿಸ್ಪ್ಲೇ ಒಡೆದಿದೆ. ಕೆಲಸದ ಮನೆಯವರು ಫೋನ್ ಮಾಡಿದರೆ ಸಿಗದೆ ಒಂದು ಮನೆ ತಪ್ಪಿಹೋಗಿದೆ. ಡಿಸ್ಪ್ಲೇಗೆ ಎಂಟ್ನೂರು. ಎಂಟ್ನೂರರ ಲೆಕ್ಕ ಅಲ್ಲಿಂದ ಬಂದದ್ದು. ಇದೆಲ್ಲ ಖರೆಯೋ ಕಟ್ಟಿದ ಕಥೆಯೋ ಎಂದು ಆಮೇಲೆ ಗಲ್ಲಿಯವರು ಕೇಳಿದರು. ಚಾಚಾಗೆ ಖರೆ ಅನಿಸಿತ್ತು, ಅಷ್ಟೆ.

ಚೈನು ಬಿಗಿಯಾಯಿತು. ಬ್ರೇಕು ನೋಡಿದರು. ಆಮೇಲೆ ಸ್ಪ್ಯಾನರು ಒರೆಸುತ್ತ ಹೇಳಿದರು: 'ಈ ಗಾಡಿ ಯಾರ್ದು ಅಂತ ನಂಗೊತ್ತು. ನಿಂಗೊತ್ತಿಲ್ಲ. ಅದ್ಕೇ ತಂದಿ. ಇದ್ರ ಮಾಲೀಕ ರಾತ್ರಿ ಎಲ್ಲ ಎದ್ದಿದ್ದು ಬೆಳಿಗ್ಗೆ ಆವರಗೆರೆವರ್ಗೂ ನಡಕೊಂಡು ಹೋಗ್ತಾನ. ವಯಸ್ಸು ನಂದೇ. ನಿನ್ನೆಯಿಂದ ನಡಿಯಾಕತ್ತಾನ. ಈಗ ನೀನೇ ತಳ್ಳಿಕೊಂಡು ಹೋಗಿ ಗೋಡೌನ್ ಹತ್ರ ನಿಲ್ಸಿ ಬಾ. ಯಾರೂ ಕೇಳಂಗಿಲ್ಲ. ಬಂದ್ಮ್ಯಾಲೆ ಇಲ್ಲಿ ಕೂತು ಪಂಚರ್ ಕಲಿ. ಡಿಸ್ಪ್ಲೇದ್ದು ಎರಡು ವಾರದಾಗ ಎದ್ದು ಬರ್ತತಿ.'

ಸಿನಿಮಾದಲ್ಲಾದರೆ ಹುಡುಗ ಕಾಲಿಗೆ ಬೀಳುತ್ತಿದ್ದ. ಇಲ್ಲಿ ಓಡಿಹೋದ. ಸೈಕಲ್ ಬಿಟ್ಟು, ಒಂದು ಚಪ್ಪಲಿಯನ್ನೂ ಬಿಟ್ಟು, ಗಲ್ಲಿಯ ತುದಿ ತಿರುಗಿ ಮಾಯ. ಕರೆದರೂ ತಿರುಗಿ ನೋಡಲಿಲ್ಲ.

ಸಂಜೆ ಕಾವಲುಗಾರರಿಗೆ ಹೇಳಿ ಕಳಿಸಿದರು. ಬಂದವರು ಮೊದಲು ಗಾಡಿಯನ್ನು ತಡವಿದರು, ಮಗುವಿನ ಮೈ ತಡವಿದ ಹಾಗೆ. ಆಮೇಲೆ ಸಿಟ್ಟು ಬಂತು. 'ಯಾರು ತಂದಿದ್ದು ಹೇಳ್ರಿ ಸಾಬ್ರೆ.' ಚಾಚಾ ಹೇಳಲಿಲ್ಲ. 'ಮುಖ ನೋಡೀರಿ, ಮಾತಾಡ್ಸೀರಿ, ನೀರ್ ಕೊಟ್ಟೀರಿ, ಬಿಟ್ಟುಬಿಟ್ಟೀರೇನ್ರಿ? ನಾಳೆ ಇನ್ನೊಬ್ರ ಗಾಡಿ ಎತ್ತಿದ್ರೆ?' ಎಂದು ಕೂಗಾಡಿದರು. ಜನ ಸೇರಿತು. ಹೋಟೆಲಿನವರು ಕಾವಲುಗಾರರ ಕಡೆ, ಪಕ್ಕದ ಹೂವಿನ ಅಂಗಡಿಯ ಅಕ್ಕ ಚಾಚಾ ಕಡೆ. ಕಾನೂನು ಯಾವ ಕಡೆ ಎಂಬುದರಲ್ಲಿ ಸಂಶಯವಿಲ್ಲ. ಕದ್ದ ಮಾಲು ಎಂದು ಗೊತ್ತಿದ್ದೂ ಕೊಂಡರೆ ಅಪರಾಧ. 2024ರ ಜುಲೈವರೆಗೆ ಐಪಿಸಿ 411, ಈಗ ಭಾರತೀಯ ನ್ಯಾಯ ಸಂಹಿತೆಯ 317. ಚಾಚಾ ಕೊಂಡಿಲ್ಲ, ಮಾಲೀಕರಿಗೆ ಮುಟ್ಟಿಸಿದ್ದಾರೆ; ಅಲ್ಲಿಗೆ ಸರಿ. ಆದರೆ ಹುಡುಗನನ್ನು ಬಿಟ್ಟದ್ದು? ಎರಡು ರಾತ್ರಿ ಡ್ಯೂಟಿಯ ಮೇಲೆ ಮೈಲುಗಟ್ಟಲೆ ನಡೆದ ಮನುಷ್ಯನಿಗೆ ಸಿಟ್ಟು ಬರುವ ಹಕ್ಕಿತ್ತು. ಅದನ್ನು ಅವರ ಕೈಯಿಂದ ಕಸಿದುಕೊಳ್ಳಲು ಚಾಚಾಗೆ ಅಧಿಕಾರ ಕೊಟ್ಟವರು ಯಾರು ಎಂದು ಹೋಟೆಲಿನವರು ಕೇಳಿದ ಪ್ರಶ್ನೆ ಸಣ್ಣದೇನಲ್ಲ.

ಚಾಚಾ ಒಂದೇ ಮಾತು ಹೇಳಿದ್ದು. 'ಹದ್ನೈದು ವರ್ಷಕ್ಕೆ ಸ್ಟೇಷನ್ ಮೆಟ್ಲು ಹತ್ತಿದ್ರೆ ಆಮ್ಯಾಲೆ ಇಳಿಯಾಕೆ ಬರಂಗಿಲ್ರಿ.' ಕಾವಲುಗಾರರು ಒಪ್ಪಲಿಲ್ಲ. ಒಪ್ಪದೆಯೇ ಗಾಡಿ ಹತ್ತಿದರು. ಚಾಚಾ ತಡೆದು, ಒಂದು ಹೊಸ ಬೀಗವನ್ನು ಚಕ್ರಕ್ಕೆ ಹಾಕಿ ಚಾವಿ ಕೈಗಿಟ್ಟರು. ದುಡ್ಡು ಬೇಡವೆಂದರೆ ಕಾವಲುಗಾರರು ಕೇಳಲಿಲ್ಲ. 'ನಿಮ್ಮ ದಾನ ನಂಗ್ ಬ್ಯಾಡ್ರಿ' ಎಂದು ನೋಟು ಎಣಿಸಿ ಕಲ್ಲಿನ ಮೇಲಿಟ್ಟು ಹೋದರು. ಚಾಚಾಗೆ ಆ ಸಂಜೆ ಖರ್ಜೂರ ಗಂಟಲಲ್ಲಿ ಇಳಿಯಲಿಲ್ಲ ಎಂದು ಹೂವಿನ ಅಕ್ಕ ಹೇಳುತ್ತಾರೆ.

ಒಂಟಿ ಚಪ್ಪಲಿ ಮಾತ್ರ ಅಂಗಡಿಯ ತೊಲೆಗೆ, ಹಳೇ ಟೈರುಗಳ ಪಕ್ಕ, ಮೊಳೆಗೆ ನೇತುಬಿದ್ದಿತು. ಬೀದಿಯಿಂದ ಕಾಣುವಂತೆ.

ಗುರುವಾರ ಏನೂ ನಡೆಯಲಿಲ್ಲ. ಹನ್ನೊಂದು ಪಂಚರ್, ಒಂದು ಫ್ರೀವೀಲ್. ಶುಕ್ರವಾರ ರಂಜಾನಿನ ಕೊನೆಯ ಜುಮ್ಮಾ. ಅಂದು ಮಧ್ಯಾಹ್ನ ಎರಡು ಗಂಟೆ ಅಂಗಡಿ ಬಂದ್. ಬಂದ್ ಎಂದರೆ ಶಟರ್ ಮಾತ್ರ. ಪಂಪು ಹೂವಿನ ಅಕ್ಕನ ಬುಟ್ಟಿ ಪಕ್ಕದಲ್ಲಿ. ಗಾಳಿ ಬೇಕಾದವರು ಹೊಡೆದುಕೊಂಡು ಹೋಗಬಹುದು. ಬರೀ ವಾಲ್ವ್ ಟ್ಯೂಬ್ ಹೋಗಿದ್ದರೆ ಅಕ್ಕನೇ ಹಾಕಿ ಕೊಡುತ್ತಾರೆ. ಪಿನ್ನಿನ ಮೇಲೆ ಎಳೆಯುವ ಇಂಚುದ್ದದ ರಬ್ಬರು ಅದು. ಅದು ಹರಿದರೆ ಟ್ಯೂಬು ಎಷ್ಟು ಗಟ್ಟಿಯಿದ್ದರೂ ಗಾಳಿ ನಿಲ್ಲದು. ಜನ ಪಂಚರ್ ಎಂದುಕೊಂಡು ಮೈಲು ತಳ್ಳುವುದು ಎಷ್ಟೋ ಸಲ ಈ ಒಂದಿಂಚು ರಬ್ಬರಿಗಾಗಿ. ಇದನ್ನು ಪಂಚರ್ ಎಂದು ಹೇಳಿ ಇಪ್ಪತ್ತು ರೂಪಾಯಿ ಕೀಳುವವರೂ ಊರಲ್ಲಿ ಇದ್ದಾರೆ. ಇಲ್ಲಿ ಎರಡು ರೂಪಾಯಿ. ಅಕ್ಕ ಅದನ್ನು ಹೂವಿನ ದುಡ್ಡಿನಲ್ಲಿ ಸೇರಿಸದೆ ಬೇರೆ ಡಬ್ಬಿಗೆ ಹಾಕುತ್ತಾರೆ. ಬದಲಿಗೆ ಅಕ್ಕ ಊಟಕ್ಕೆ ಹೋದಾಗ ಮಲ್ಲಿಗೆ ಮೊಳ ಹಾಕಿ ಮಾರುವವರು ಚಾಚಾ. ಚಾಚಾ ಅವರ ಮೊಳ ತುಸು ಉದ್ದ ಎಂಬುದು ಗಿರಾಕಿಗಳಿಗೆ ಗೊತ್ತಾಗಿ, ಆ ಹೊತ್ತಿಗೇ ಕಾದು ಬರುವವರಿದ್ದಾರಂತೆ!

ಶನಿವಾರ ಸಂಜೆ ಆರು ಗಂಟೆ. ಯುಗಾದಿ ಸಂತೆಯ ನೂಕು. ಬೇವು, ಮಾವಿನ ಸೊಪ್ಪು ಮಾರಿ ಹಳ್ಳಿಗೆ ವಾಪಸಾಗುತ್ತಿದ್ದ ಮುದುಕರೊಬ್ಬರ ಸೈಕಲ್ಲಿಗೆ ಗಲ್ಲಿಯ ಬಾಯಲ್ಲಿ ಬೈಕೊಂದು ತಾಗಿಸಿಕೊಂಡು ಹೋಯಿತು. ನಿಲ್ಲಿಸಲಿಲ್ಲ. ಮುದುಕರು ಬಿದ್ದಲ್ಲೇ ಕೂತರು, ಹಣೆಯಲ್ಲಿ ರಕ್ತ. ಸುತ್ತ ಇಪ್ಪತ್ತು ಜನ, ಅದರಲ್ಲಿ ಹತ್ತು ಮೊಬೈಲು. ಎತ್ತಲು ಮುಂದೆ ಬಂದವರನ್ನು ಯಾರೋ 'ಮುಟ್ಟಬ್ಯಾಡ್ರಿ, ಆಮ್ಯಾಲೆ ಪೊಲೀಸು ಕೋರ್ಟು ಅಂತ ಓಡಾಡ್ಬೇಕಾಗ್ತತಿ' ಎಂದು ಹಿಂದಕ್ಕೆ ಎಳೆದರು. ಈ ಹೆದರಿಕೆ ಊರಿಂದ ಇನ್ನೂ ಹೋಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಎಂಬ ಕಲಮು ಸೇರಿದೆ. ಅಪಘಾತದಲ್ಲಿ ಬಿದ್ದವರನ್ನು ಒಳ್ಳೆ ಮನಸ್ಸಿನಿಂದ ಎತ್ತಿಕೊಂಡು ಹೋದವರ ಮೇಲೆ ಕೇಸು ಹಾಕುವಂತಿಲ್ಲ. 2020ರಲ್ಲಿ ಬಂದ ನಿಯಮದ ಪ್ರಕಾರ ಅವರು ಹೆಸರು ವಿಳಾಸ ಕೊಡಲೇಬೇಕೆಂದೂ ಇಲ್ಲ. ಇದನ್ನು ಪ್ರತಿ ವೃತ್ತದಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಿದರೆ, ಅಲ್ಲಿ ಹುಟ್ಟುಹಬ್ಬದ ಶುಭಾಶಯ ಕೋರುವವರ ಫ್ಲೆಕ್ಸಿಗಿಂತ ಉಪಯೋಗವಾದೀತು.

ಚಾಚಾಗೆ ಕಲಮು ಗೊತ್ತಿರಲಿಲ್ಲ. ಪಂಚರ್ ತೊಟ್ಟಿಯ ಪಕ್ಕದ ಶುದ್ಧ ಬಟ್ಟೆ ಹಣೆಗೆ ಒತ್ತಿ ಹಿಡಿದು, ಆಟೋ ಕರೆದು, ಮುದುಕರ ಜೊತೆ ಚಿಗಟೇರಿ ಆಸ್ಪತ್ರೆಗೆ ಹೋದರು. ನಾಲ್ಕು ಹೊಲಿಗೆ ಬಿದ್ದವು. ಬಾಂಗಿನ ಹೊತ್ತು ಆಸ್ಪತ್ರೆಯಲ್ಲೇ ಆಯಿತು. ರೋಜಾ ಬಿಡಲು ಅಲ್ಲಿಯ ನಲ್ಲಿ ನೀರು, ಯಾರೋ ಕೊಟ್ಟ ಎರಡು ಬಿಸ್ಕತ್ತು. ಮುದುಕರಿಗೆ ತಲೆಯ ನೋವಿಗಿಂತ ಸೈಕಲ್ಲಿನ ಚಿಂತೆ. 'ಗಾಡಿ ಎಲ್ಲೈತಿ, ಗಾಡಿ ಏನಾತು' ಎಂದು ಹೊಲಿಗೆ ಹಾಕುವಾಗಲೂ ಕೇಳುತ್ತಿದ್ದರಂತೆ. ಮಗ ಬಂದು ಅವರನ್ನು ಕರೆದುಕೊಂಡು ಹೋಗುವಾಗ ರಾತ್ರಿ ಒಂಬತ್ತು. ಚಾಚಾ ಮನೆಗೆ ಹೋಗಲಿಲ್ಲ. ಅಂಗಡಿಗೆ ಬಂದು ಮುಂದಿನ ಚಕ್ರದ ಬೆಂಡು ತೆಗೆದು, ಹ್ಯಾಂಡಲ್ ನೇರ ಮಾಡಿ, ಮಾರಾಟವಾಗದೆ ಉಳಿದಿದ್ದ ಬೇವಿನ ಕಟ್ಟಿಗೆ ನೀರು ಚಿಮುಕಿಸಿ ಇಟ್ಟರು. ಬೆಳಗಾದರೆ ಹಬ್ಬ, ಆಮೇಲೆ ಅದನ್ನು ಕೇಳುವವರಿಲ್ಲ. ಬೆಳಿಗ್ಗೆ ಆರಕ್ಕೆ ಹೂವಿನ ಅಕ್ಕ ಆ ಸೊಪ್ಪನ್ನು ತಮ್ಮ ಬುಟ್ಟಿಯಲ್ಲಿಟ್ಟು ಮಾರಿ, ಬಂದ ದುಡ್ಡನ್ನು ಸೈಕಲ್ಲಿನ ಸೀಟಿನ ಕೆಳಗೆ ಮಡಚಿ ಸಿಕ್ಕಿಸಿದರು.

ಇಷ್ಟೆಲ್ಲ ಮಾಡಿ ವಾರಕ್ಕೆ ಉಳಿದದ್ದೇನು? ಮಗನನ್ನು ಕೇಳಿದರೆ ಹೇಳುತ್ತಾನೆ. ಅವನಿಗೆ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಹಾಕುವ ಮನಸ್ಸು. 'ಅಬ್ಬಾ ಈ ವಾರ ಪುಕ್ಕಟೆ ಮಾಡಿದ ಕೆಲ್ಸಕ್ಕೆ ರೇಟು ಹಾಕಿದ್ರೆ ಬಾಡಿಗೆ ಅರ್ಧ ಬರ್ತಿತ್ತು' ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಲ್ಲ. ಕಟ್ಟಡದವರು ಬಾಡಿಗೆ ಏರಿಸುವ ಮಾತಾಡಿದ್ದಾರೆ. ಸೈಕಲ್ ಬಿಡಿಭಾಗ ಮೊದಲಿನಂತೆ ಊರಲ್ಲೇ ಎಲ್ಲ ಸಿಗುವುದಿಲ್ಲ. ಗೇರಿನ ಸೈಕಲ್ ತುಳಿಯುವ ಉಳ್ಳವರ ಮಕ್ಕಳು ಬೇರೆ ಶೋರೂಮಿಗೆ ಹೋಗುತ್ತಾರೆ. ಈ ಅಂಗಡಿ ಮುಚ್ಚಿದರೆ ಆ ಮಕ್ಕಳಿಗೆ ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಬೇತೂರಿನ ಹಾಲಿನವರಿಗೆ, ಮಂಡಕ್ಕಿ ಚೀಲದವರಿಗೆ. ಅವರು ಯಾವ ಸಭೆಯಲ್ಲೂ ಮನವಿ ಕೊಡುವವರಲ್ಲ.

ಭಾನುವಾರ ಯುಗಾದಿ. ಹೊಸ ಬಟ್ಟೆ ಹಾಕಿಕೊಂಡ ಚಿಲ್ಟಾರಿ ಮಕ್ಕಳೆಲ್ಲ ಗಾಳಿ ಹೊಡೆಸಿಕೊಳ್ಳಲು ಸಾಲು. ಮುದುಕರ ಮಗ ಬಂದು ಸೈಕಲ್ ಒಯ್ದ. ಸೀಟಿನ ಕೆಳಗಿನ ದುಡ್ಡು ಕಂಡು, ಇದು ತಮ್ಮದಲ್ಲ ಎಂದು ವಾಪಸ್ ಕೊಡಲು ಹೋಗಿ ಅಕ್ಕನ ಕೈಲಿ ಬೈಸಿಕೊಂಡ. ರಾತ್ರಿ ಕಾವಲುಗಾರರು ಗಲ್ಲಿಯ ತುದಿಯಲ್ಲಿ ಹಾದುಹೋದರು. ಗಂಟೆ ಬಾರಿಸಿದರು, ಇಳಿಯಲಿಲ್ಲ. ಚಪ್ಪಲಿ ಕೇಳಿಕೊಂಡು ಯಾರೂ ಬರಲಿಲ್ಲ. ಆದರೆ ಮಧ್ಯಾಹ್ನ ಯಾರೂ ಇಲ್ಲದಾಗ ಬರಿಗಾಲಿನ ಹುಡುಗನೊಬ್ಬ ಎದುರು ಕಟ್ಟೆ ಮೇಲೆ ತುಸು ಹೊತ್ತು ಕೂತಿದ್ದ ಎಂದು ಹೋಟೆಲಿನವರು ಹೇಳುತ್ತಾರೆ. ಅವನೇ ಹೌದೋ ಅಲ್ಲವೋ. ಹಬ್ಬದ ದಿನ ಊರ ತುಂಬ ಬರಿಗಾಲ ಹುಡುಗರೇ.

ನಾಲ್ಕು ಗಂಟೆಗೆ ಸೋಮವಾರದ ಹುಡುಗಿ ಬಂದಳು. ಕಾಟರ್ ಪಿನ್ ಹೊಸದಾದ ಅಕ್ಕನ ಸೈಕಲ್ ಮೇಲೆಯೇ. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಬೇವು ಬೆಲ್ಲ, ಡಬ್ಬಿಯಲ್ಲಿ ಎರಡು ಹೋಳಿಗೆ. 'ಚಾಚಾ, ನಮ್ಮವ್ವ ಕೊಟ್ಟಾಳ' ಎಂದಳು. ಚಾಚಾ ತೆಗೆದುಕೊಂಡು, 'ಚಂದ್ರ ಕಂಡ್ಮ್ಯಾಲೆ ತಿಂತೀನಿ ಬೇಟಿ' ಎಂದು ಹರವಿಯ ಮುಚ್ಚಳದ ಮೇಲಿಟ್ಟರು. ಹಾಗೆಯೇ ಕೈ ಹಿಂದಿನ ಬ್ರೇಕಿಗೆ ಹೋಯಿತು. ಕಟ್ಟೆ ಸವೆದು ತಗಡು ರಿಮ್ಮಿಗೆ ತಾಗುತ್ತಿತ್ತು. ಅವಳಿಗೆ ಇನ್ನೂ ಎರಡು ಪೇಪರ್ ಬಾಕಿ ಇದ್ದವು, ಬುಧವಾರ ವಿಜ್ಞಾನ. ಚಾಚಾ ಹೊಸ ಜೋಡಿ ಕಟ್ಟೆ ಹಾಕಿ, ಚಕ್ರ ತಿರುಗಿಸಿ, ಹಿಡಿದು, ಮತ್ತೆ ತಿರುಗಿಸಿ ಹಿಡಿದು ನೋಡಿದರು.

'ಎಷ್ಟು ಚಾಚಾ?'

'ಮೂವತ್ತು.'

ಹುಡುಗಿ ಹಬ್ಬಕ್ಕೆ ಯಾರೋ ಕೊಟ್ಟ ಐವತ್ತರ ನೋಟು ಕೊಟ್ಟಳು. ಚಾಚಾ ಇಪ್ಪತ್ತು ಎಣಿಸಿ ಅವಳ ಕೈಗಿಟ್ಟರು.